ಐದು ಮುದ್ದೆಯ ಮನೆ

ಜನ ಊಟವನ್ನು ಬಚ್ಚಿಡುತ್ತಾರೆ ಎಂಬುದು ನರಸಿಂಹಯ್ಯನವರ ಆಫೀಸಿನ ಗಟ್ಟಿ ನಂಬಿಕೆಯಾಗಿತ್ತು. ಆರ್.ಟಿ. ನಗರದ ಬಾಡಿಗೆ ಮನೆಯೊಂದರ ಮಹಡಿಯಲ್ಲಿ ಆ ಆಫೀಸು. ಎಂಬತ್ತೊಂದನೇ ಇಸವಿಯ ಮಾಗಿಯಲ್ಲಿ ಅಲ್ಲಿಂದ ಆರು ಜನ ಹುಡುಗರು ಆರು ತಕ್ಕಡಿ ಕಟ್ಟಿಕೊಂಡು ಸುತ್ತಲಿನ ಹಳ್ಳಿಗಳಿಗೆ ಹೊರಟರು. ಬಡವ ಯಾರು ಎಂದು ಕಂಡುಹಿಡಿಯುವುದು ಅವರ ಕೆಲಸ. ಹಾಗೆ ನೋಡಿದರೆ ಯಾವ ಹಳ್ಳಿಯ ಯಾವ ಮುದುಕಿಯನ್ನು ಕೇಳಿದರೂ ಬಾಯಲ್ಲಿನ ಎಲೆ ಅಡಿಕೆ ಉಗುಳದೆಯೇ ಇಂಥಿಂಥ ಮನೆ ಬಡವರದು ಎಂದು ಬೆರಳು ಮಾಡಿ ತೋರಿಸಿಬಿಡುತ್ತಿದ್ದಳು. ಆದರೆ ಮುದುಕಿಯ ಬೆರಳನ್ನು ಫೈಲಿಗೆ ಹಾಕಲು ಬರುವುದಿಲ್ಲವಲ್ಲ!

ಆದ್ದರಿಂದ ತೂಕ. ಒಂದೊಂದು ಮನೆಯಲ್ಲಿ ಮೂರು ದಿನ ಒಲೆಯ ಪಕ್ಕ ಕೂರಬೇಕು. ಪಾತ್ರೆಗೆ ಬೀಳುವ ಹಿಟ್ಟು, ಕಾಳು, ಸೊಪ್ಪು, ಉಪ್ಪು, ಮೆಣಸಿನಕಾಯಿ ಎಲ್ಲವನ್ನೂ ಬೀಳುವುದಕ್ಕೆ ಮುಂಚೆ ತೂಗಬೇಕು. ಅದನ್ನು ಕ್ಯಾಲೊರಿಗೆ ತಿರುಗಿಸಿ ಮನೆಯ ತಲೆಗಳಿಗೆ ಹಂಚಬೇಕು. ದಿನಕ್ಕೆ ತಲೆಗೆ ಎರಡು ಸಾವಿರದ ನಾನೂರರ ಗೆರೆ. ಒಂದು ಕಡಿಮೆ ಬಂದರೆ ಬಡವ, ಒಂದು ಹೆಚ್ಚು ಬಂದರೆ ಅಲ್ಲ. ಗೆರೆಯ ಕೆಳಗೆ ಬಂದ ಮನೆಗೆ ಹೆಸರಘಟ್ಟದ ಕಡೆಯಿಂದ ಒಂದು ಸೀಮೆಹಸು ಬರುತ್ತದೆ. ಆದರೆ ಹಸುವಿನ ಸುದ್ದಿಯನ್ನು ಮಾತ್ರ ಯಾರ ಹತ್ತಿರವೂ ಬಾಯಿ ಬಿಡುವಂತಿಲ್ಲ. ಗೊತ್ತಾದರೆ ಜನ ಅಕ್ಕಿಯನ್ನು ಅಟ್ಟಕ್ಕೇರಿಸಿ ಖಾಲಿ ಮಡಕೆ ತೋರಿಸುತ್ತಾರೆ ಎಂದು ನರಸಿಂಹಯ್ಯನವರು ನಿಯಮಗಳ ಪುಸ್ತಕದಲ್ಲೇ ಬರೆಸಿದ್ದರು. ಇನ್ನೊಂದು ನಿಯಮವೂ ಇತ್ತು: ತೂಗಲು ಹೋದವನು ಆ ಮನೆಯಲ್ಲಿ ಒಂದು ತುತ್ತೂ ತಿನ್ನಕೂಡದು.

ತಣಿಸಂದ್ರ ನಾಗಲಿಂಗಪ್ಪನ ಪಾಲಿಗೆ ಬಂತು. ಗದಗದ ಕಡೆಯ ಹುಡುಗ, ಇಪ್ಪತ್ತಾರು ವರ್ಷ, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಯಶವಂತಪುರದ ಒಂದು ಕೋಣೆಯಲ್ಲಿ ಇದ್ದುಕೊಂಡು, ಬೆಳಿಗ್ಗೆ ತಕ್ಕಡಿಯನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿ, ಹೆಬ್ಬಾಳದ ಕೆರೆ ಏರಿ ದಾಟಿ ಹೋಗುತ್ತಿದ್ದ. ಹೆಂಗಸರ ಅಡುಗೆಮನೆಯಲ್ಲಿ ಕೂತಾಗ ತಲೆ ಎತ್ತಬಾರದೆಂದು ಅವನ ಅವ್ವ ಸಂಗವ್ವ ಹೇಳಿ ಕಳಿಸಿದ್ದಳು. ಅವನು ಅದನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದನೆಂದರೆ, ಆರು ಮನೆ ತೂಗಿ ಮುಗಿಸುವಷ್ಟರಲ್ಲಿ ತಕ್ಕಡಿಯ ಮುಳ್ಳೊಂದನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.

ಆ ಆರರಲ್ಲಿ ಮುನಿಆಂಜಿನಪ್ಪನ ಮನೆಯೂ ಒಂದು. ಮುನಿಆಂಜಿನಪ್ಪ ಇಟ್ಟಿಗೆ ಗೂಡಿನಲ್ಲಿ ಮಣ್ಣು ತುಳಿಯುತ್ತಿದ್ದ. ಅವನ ಹೆಂಡತಿ ಮುನಿನಾರಾಯಣಮ್ಮ ಅವರಿವರ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಎರಡು ಹೆಣ್ಣುಮಕ್ಕಳು. ಇವರೆಲ್ಲರ ಮೇಲೆ ಮುನಿಆಂಜಿನಪ್ಪನ ತಾಯಿ ಸುಬ್ಬಮ್ಮ. ಆಕೆ ಒಣಗಿದ ಕಟ್ಟಿಗೆಯಷ್ಟೇ ಇದ್ದಳು, ಬಾಯಿ ಮಾತ್ರ ಬೀದಿಯ ಆ ತುದಿಗೂ ಕೇಳುತ್ತಿತ್ತು.

ಮೊದಲ ದಿನ ಆ ಮನೆಯಲ್ಲಿ ಅನ್ನ, ಸೊಪ್ಪಿನ ಸಾರು. ತೂಗಿದ, ಬರೆದುಕೊಂಡ. ಮುನಿನಾರಾಯಣಮ್ಮ ತಟ್ಟೆ ಇಟ್ಟಳು. “ಬ್ಯಾಡ್ರಿ, ನಮಗ ಹಂಗ ಉಣ್ಣೂ ರೂಲಿಲ್ರಿ” ಎಂದು ಎದ್ದುಬಿಟ್ಟ. ಎರಡನೇ ದಿನ ಅನ್ನದ ಜೊತೆ ಅವರೆಕಾಳಿನ ಹುಳಿ ಬಂತು. ಆಗಲೂ ಬೇಡವೆಂದ. ಮೂರನೇ ದಿನ ಅನ್ನ, ಹುಳಿ, ಹಪ್ಪಳ, ಬೆಲ್ಲ ತೆಂಗಿನಕಾಯಿ ಹಾಕಿದ ಪಾಯಸ! ಎಲ್ಲವನ್ನೂ ಗ್ರಾಂ ಲೆಕ್ಕದಲ್ಲಿ ಬರೆದುಕೊಂಡು ಕೈ ಮುಗಿದು ಹೊರಟವನಿಗೆ ಸುಬ್ಬಮ್ಮ ಅಡ್ಡ ನಿಂತಳು.

“ಏನಪ್ಪಾ, ನಮ್ಮನೆ ಅಡುಗೆ ಬಾಯಿಗೆ ಅತ್ತಲಿಲ್ವಾ ನಿಂಗೆ? ಪಾಯ್ಸನೂ ಬ್ಯಾಡ್ವಾ?”

“ಹಂಗಲ್ಲ ಯಮ್ಮಾ…” ಎನ್ನುತ್ತಲೇ ಸೈಕಲ್ ಹತ್ತಿದ. ಪಾಪ, ಅವನ ಒಂದೊಂದು ‘ಬ್ಯಾಡ್ರಿ’ಗೂ ಮಾರನೇ ದಿನದ ಅಡುಗೆ ಒಂದು ಮೆಟ್ಟಿಲು ಮೇಲೇರುತ್ತಿದೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಹೊಳೆದದ್ದು ನರಸಿಂಹಯ್ಯನವರಿಗೆ, ಅದೂ ಬೇರೆ ರೀತಿಯಲ್ಲಿ. ಅವರು ಕನ್ನಡಕ ಏರಿಸಿ ಫಾರಂ ನೋಡಿದರು.

“ಇಟ್ಟಿಗೆ ಗೂಡಿನ ಕೂಲಿ ಮನೇಲಿ ತಲೆಗೆ ಮೂರು ಸಾವಿರದ ನೂರು! ಅಷ್ಟು ತಿನ್ಬೇಡಿ ಅಂತ ನಂಗೆ ಡಾಕ್ಟ್ರು ಹೇಳಿದಾರೆ ಕಣ್ರೀ. ಹೋಗ್ಲಿ, ಇದೇನಿದು? ಆರು ಮನೆ. ಆರೂ ಮನೇಲಿ ಖಾಲಿ ಪಾತ್ರೆ ತೂಕ ನಾನೂರ ಹತ್ತು ಗ್ರಾಂ. ತಣಿಸಂದ್ರದ ಪಾತ್ರೆಗಳೆಲ್ಲ ಅವಳಿ ಜವಳಿನೇನ್ರೀ?”

ಅಕ್ಕಿಯನ್ನು ಪಾತ್ರೆ ಸಮೇತ ತೂಗಿ, ಆಮೇಲೆ ಖಾಲಿ ಪಾತ್ರೆಯ ತೂಕ ಕಳೆಯುವುದು ಪದ್ಧತಿ. ನಾಗಲಿಂಗಪ್ಪ ಫಾರಂಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದ. ಹೌದು, ತನ್ನದೇ ಅಕ್ಷರ. ನಾನೂರ ಹತ್ತು, ನಾನೂರ ಹತ್ತು, ನಾನೂರ ಹತ್ತು.

“ಯಾವುದೋ ಮರದ ಕೆಳಗೆ ಕೂತು ಬರ್ಕೊಂಡು ಬಂದಿದೀರಿ. ಇನ್ನು ಮೂರು ವಾರ ಟೈಮ್ ಕೊಡ್ತೀನಿ. ಸರಿಯಾಗಿ ತೂಗಿ ತನ್ನಿ. ಇಲ್ದಿದ್ರೆ ನೀವು ಗದಗಕ್ಕೆ, ಹಸುಗಳು ಬೇರೆ ಊರಿಗೆ.”

ನಾಗಲಿಂಗಪ್ಪ ಮಾರನೇ ಬೆಳಿಗ್ಗೆ ಮುನಿಆಂಜಿನಪ್ಪನ ಮನೆಯ ಮುಂದೆ ಸೈಕಲ್ ನಿಲ್ಲಿಸಿದ. ಈ ಸಲ ತಲೆ ಎತ್ತಿಯೇ ಅಡುಗೆಮನೆ ನೋಡಿದ. ಎರಡು ಮಡಕೆ, ಒಂದು ನೆಗ್ಗಿದ ಅಲ್ಯೂಮಿನಿಯಂ ಪಾತ್ರೆ, ಮುದ್ದೆ ತಿರುವುವ ಕೋಲು. ಅಕ್ಕಿ ತೂಗಿದ ಸ್ಟೀಲ್ ಪಾತ್ರೆ ಎಲ್ಲೂ ಇಲ್ಲ. ಕೇಳಿದರೆ ಸುಬ್ಬಮ್ಮ, “ಅದಾ? ಕೃಷ್ಣಮ್ಮನ ಮನೆಗೆ ಓಯ್ತು” ಅಂದಳು, ಬೆಕ್ಕು ಹೊರಗೆ ಹೋಯಿತು ಅನ್ನುವಷ್ಟು ಸಲೀಸಾಗಿ.

ಕೃಷ್ಣಮ್ಮನದು ಕೆರೆಯ ಕೆಳಗೆ ಗದ್ದೆಯಿದ್ದ ಮನೆ, ತೂಕದ ಪಟ್ಟಿಯಲ್ಲೇ ಇರಲಿಲ್ಲ. ಪಾತ್ರೆ ಅವಳ ಗೋಡೆಯ ಗೂಡಿನಲ್ಲಿ ಫಳಫಳ ಹೊಳೆಯುತ್ತಾ ಕೂತಿತ್ತು. ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದಿತ್ತು: ‘ಕೃಷ್ಣಮ್ಮನ ಮದುವೆಗೆ, ಸೋದರಮಾವನಿಂದ.’ ಮೂರು ವಾರ ಅದನ್ನು ಎತ್ತಿ ಇಳಿಸಿದ ಮಹಾನುಭಾವ ಈಗ ಓದಿದ.

“ಇನ್ನೇನು ಮತ್ತೆ?” ಎಂದಳು ಕೃಷ್ಣಮ್ಮ. “ಸರ್ಕಾರದ ತಕ್ಕಡಿ ಮೇಲೆ ಸೊಟ್ಟ ಪಾತ್ರೆ ಇಡೋಕಾಯ್ತದಾ? ನೀವು ಯಾರ ಮನೆಗೆ ಓಗ್ತೀರೋ ಆ ಮನೆಗೆ ಅಕ್ಕಿ ತುಂಬಿ ಕಳ್ಸಿದ್ದೀನಿ. ಕಾಯಿ ಬೆಲ್ಲ ಅವ್ರಿವ್ರು ಕೊಟ್ರು. ಮೂರು ದಿನ ಮನೆಯೊಳಗೆ ಕೂರೋ ಮನುಸ್ಯನ ಮುಂದೆ ಬರೀ ಇಟ್ಟು ಸೊಪ್ಪು ಬೇಯಿಸೋಕೆ ಯಾವ ಎಂಗಸಿಗೆ ಮನಸು ಬತ್ತದೆ ಏಳಿ? ಮುನಿನಾರಾಯಣಿ ಈಗ ಅದ್ಕೇ ನಮ್ಮ ಒಲದಲ್ಲಿ ಕಳೆ ಕೀಳ್ತಾವ್ಳೆ. ನಾನು ಬ್ಯಾಡ ಅಂದೆ, ಅವ್ಳು ಕೇಳಲಿಲ್ಲ.”

ನಾಗಲಿಂಗಪ್ಪನಿಗೆ ಮೊದಲು ನಗು ಬಂತು. ಬಚ್ಚಿಡುತ್ತಾರೆ ಎಂದು ಹೆದರಿ ಆಫೀಸು ಇಷ್ಟೊಂದು ಬಂದೋಬಸ್ತು ಮಾಡಿತ್ತು. ಕಡ ತಂದು ಬೇಯಿಸುತ್ತಾರೆ ಎಂದು ಅಲ್ಲಿ ಒಬ್ಬನಿಗೂ ಅನ್ನಿಸಿರಲಿಲ್ಲ. ನಗು ಮುಗಿಯುವ ಮೊದಲೇ ಉಳಿದದ್ದೂ ಹೊಳೆಯಿತು. ತನ್ನನ್ನು ಮರ್ಯಾದೆಯಿಂದ ಕಾಣಬೇಕೆಂದು ಮುನಿನಾರಾಯಣಮ್ಮ ಪಾಯಸ ಮಾಡಿದ್ದಾಳೆ, ಅದಕ್ಕಾಗಿ ಈಗ ಬಿಸಿಲಲ್ಲಿ ಬಗ್ಗಿ ಕಳೆ ಕೀಳುತ್ತಿದ್ದಾಳೆ, ಆ ಪಾಯಸವನ್ನು ಕ್ಯಾಲೊರಿ ಮಾಡಿ ಅವಳ ಕೈಗೆ ಬರಬೇಕಾದ ಹಸುವನ್ನು ತಾನೇ ಓಡಿಸಿದ್ದೇನೆ. ಹಿಂದೊಮ್ಮೆ ಶಾಲೆಯ ಇನ್‌ಸ್ಪೆಕ್ಟರು ಮನೆಗೆ ಬಂದಾಗ ಅವನ ಅವ್ವ ಹಿತ್ತಲ ಬಾಗಿಲಿನಿಂದ ಓಡಿ ತುಪ್ಪ ಕಡ ತಂದಿದ್ದಳು. ಎಲ್ಲ ಗೊತ್ತಿದ್ದೂ ಮುಳ್ಳು ನೋಡುತ್ತಾ ಕೂತೆನಲ್ಲ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು.

ಈಗ ಏನು ಮಾಡುವುದು? ಹಸುವಿನ ವಿಷಯ ಹೇಳಿದರೆ ನಿಯಮ ಮುರಿದು ಹಳ್ಳಿಯೇ ಪಟ್ಟಿಯಿಂದ ಹೋಗುತ್ತದೆ. ‘ದಿನಾ ಏನು ಉಣ್ಣುತ್ತೀರೋ ಅದನ್ನೇ ಮಾಡಿ’ ಎಂದು ಹೇಳಿದರೆ ಕಪಾಳಕ್ಕೆ ಹೊಡೆದ ಹಾಗೆ. ಸುಮ್ಮನೆ ಹೋಗಿ ಕೂತರೆ ಮತ್ತೆ ಆ ಪಾತ್ರೆ ಬರುತ್ತದೆ. ಕೃಷ್ಣಮ್ಮನ ಜಗಲಿಯ ಮೇಲೆ ಅರ್ಧ ಗಂಟೆ ಕೂತು ಯೋಚಿಸಿದ. ತಾನು ಅಲ್ಲಿ ನೆಂಟನಾಗಿರುವವರೆಗೆ ಆ ಮನೆಯ ನಿಜವಾದ ಊಟ ತನಗೆ ಕಾಣುವುದಿಲ್ಲ.

ತಕ್ಕಡಿಯನ್ನು ಸೈಕಲ್ಲಿನ ಮೇಲೇ ಬಿಟ್ಟು ಸುಬ್ಬಮ್ಮನ ಮನೆಯೊಳಗೆ ಹೋದ. ಹೊತ್ತು ಹನ್ನೊಂದು, ಒಲೆ ಆರಿತ್ತು. ಗೋಡೆಗೆ ಒರಗಿ ಕಾಲು ಚಾಚಿ ನೆಲದ ಮೇಲೆ ಕೂತ.

“ಯವ್ವಾ, ಭಾಳ ಹಸಿವ್ಯಾಗೈತಿ. ಏನೈತಿ ಅದನ್ನ ಹಾಕು.”

ಸುಬ್ಬಮ್ಮ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ನೆಂಟರು ಹೀಗೆ ಕೇಳುವುದಿಲ್ಲ. ಹೀಗೆ ಬಹುವಚನ ಬಿಟ್ಟು ಕೇಳುವವರು ಒಳಗಿನವರು.

“ತಂಗಳಿಟ್ಟು ಐತೆ ಕಣ್ಲಾ. ಉಪ್ಪು, ಮೆಣಸಿನಕಾಯಿ, ಈರುಳ್ಳಿ.”

“ಹಾಕು ಮತ್ತ.”

ರಾತ್ರಿಯ ಮುದ್ದೆಯನ್ನು ತಟ್ಟೆಗಿಟ್ಟು ನೀರು ಮಜ್ಜಿಗೆ ಸುರಿದು ಕೊಟ್ಟಳು. ಜೋಳದ ರೊಟ್ಟಿ ತಿಂದು ಬೆಳೆದವನು, ಮುದ್ದೆ ನುಂಗಲು ಬಾರದೆ ಅಗಿಯತೊಡಗಿದ. ಸುಬ್ಬಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಯ್ಯೋ ನಿನ್ನ, ಅಗೀತಾವ್ನಲ್ಲಪ್ಪಾ! ಲೇ ಮುನಿನಾರಾಯಣೀ, ಬಾರೇ ಇಲ್ಲಿ, ನೋಡೇ ಇವ್ನ!” ಕಳೆ ಕಿತ್ತು ಆಗತಾನೇ ಬಂದಿದ್ದ ಸೊಸೆ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡಳು. ಹುಡುಗಿಯರು ಎದುರು ಕೂತು ನುಂಗುವುದು ಹೇಗೆಂದು ಪಾಠ ಮಾಡಿದರು. ಗದಗ ಬಿಟ್ಟ ಮೇಲೆ ಅಷ್ಟು ಹಾಯಾಗಿ ಅವನು ಎಲ್ಲೂ ಉಂಡಿರಲಿಲ್ಲ.

ಮರುದಿನದಿಂದ ಮೂರು ದಿನ ತೂಕ. ಸ್ಟೀಲ್ ಪಾತ್ರೆ ಬರಲಿಲ್ಲ. ನೆಗ್ಗಿದ ಅಲ್ಯೂಮಿನಿಯಂ ಪಾತ್ರೆಯೇ ತಕ್ಕಡಿ ಹತ್ತಿತು, ಯಾರೂ ನಾಚಿಕೊಳ್ಳಲಿಲ್ಲ. ಮೂರು ಹೊತ್ತೂ ಮುದ್ದೆ, ಹೊಲದ ಬದುವಿನ ಸೊಪ್ಪು, ಒಂದು ಹಿಡಿ ಹುರುಳಿ. ಮಧ್ಯಾಹ್ನ ಹಸಿವೆಂದು ಕೂತ, ಉಂಡ. ಇನ್ನುಳಿದ ಐದು ಮನೆಗಳಲ್ಲಿ ಉಣ್ಣಬೇಕಾಗಿಯೂ ಬರಲಿಲ್ಲ. ಸುಬ್ಬಮ್ಮನ ಮನೆಯಲ್ಲಿ ಮುದ್ದೆ ಅಗಿದವನು ಎಂಬ ಸುದ್ದಿ ಬೀದಿಯಲ್ಲೆಲ್ಲ ಹರಡಿ, ಅವನಿಗಾಗಿ ಅಕ್ಕಿ ಕಡ ತರುವ ಯೋಚನೆ ಯಾರಿಗೂ ಬರಲಿಲ್ಲ. ಆ ಐದರ ಲೆಕ್ಕವೂ ಗೆರೆಯ ಒಂದಿಲ್ಲೊಂದು ಕಡೆ ಸ್ಪಷ್ಟವಾಗಿ ನಿಂತಿತು.

ಕೊನೆಯ ದಿನ ಊರಾಚೆಯ ಅರಳಿಕಟ್ಟೆಯ ಮೇಲೆ, ಈ ಸಲ ನಿಜಕ್ಕೂ ಮರದ ಕೆಳಗೆ, ಕೂತು ಸುಬ್ಬಮ್ಮನ ಮನೆಯ ಮೊತ್ತ ಹಾಕಿದ. ತಲೆಗೆ ಎರಡು ಸಾವಿರದ ನಾನೂರ ಎಂಬತ್ತು ಬಂತು. ಗೆರೆಗಿಂತ ಎಂಬತ್ತು ಮೇಲೆ. ನಂಬಲಾಗದೆ ಇನ್ನೊಮ್ಮೆ ಕೂಡಿದ, ಅಷ್ಟೇ. ಹಾಗೆ ನೋಡುತ್ತಾ ಒಂದು ಕಾಲಮಿನ ಮೇಲೆ ಕಣ್ಣು ನಿಂತಿತು. ‘ಮಧ್ಯಾಹ್ನ: ಮುದ್ದೆ ಐದು.’ ಮೂರು ದಿನವೂ ಐದು. ಮನೆಯಲ್ಲಿ ಐದು ಜನ. ಗೂಡಿಗೆ ಮುನಿಆಂಜಿನಪ್ಪನಿಗೆ ಒಂದು ಹೋಗುತ್ತಿತ್ತು, ಹುಡುಗಿಯರಿಗೆ ಎರಡು, ಮುನಿನಾರಾಯಣಮ್ಮನಿಗೆ ಒಂದು. ಐದನೆಯದನ್ನು ತಾನು ಉಂಡಿದ್ದ.

ಪೆನ್ನು ಕೈಯಲ್ಲೇ ಹಿಡಿದುಕೊಂಡು ಓಡಿದ. ಸುಬ್ಬಮ್ಮ ಹೊಸಿಲ ಮೇಲೆ ಕೂತು ಅಡಿಕೆ ಕುಟ್ಟುತ್ತಿದ್ದಳು.

“ಯವ್ವಾ, ಮೂರು ದಿನ ಮಧ್ಯಾಹ್ನ ನೀ ಉಂಡಿಲ್ಲ.”

“ಯಾರೇಳಿದ್ರು?”

“ತಕ್ಕಡಿ ಹೇಳಾಕತ್ತೈತಿ.”

“ಅದಕ್ಕೇನ್ ಗೊತ್ತು, ಕಬ್ಬಿಣದ್ದು? ನಂಗೆ ಅಸಿವಿರಲಿಲ್ಲ.”

“ಇನ್ನೊಂದು ಮುದ್ದೆ ಹೆಚ್ಚಿಗಿ ಮಾಡಾಕ ಏನಾಗಿತ್ತು?”

ಮುದುಕಿ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು. “ಇಟ್ಟು ಇದ್ದಿದ್ರೆ ಮಾಡ್ತಿರಲಿಲ್ವೇನ್ಲಾ?” ಎಂದಳು ಮೆಲ್ಲಗೆ. ಆಕೆ ಮೆಲ್ಲಗೆ ಮಾತಾಡಿದ್ದನ್ನು ಅವನು ಕೇಳಿದ್ದು ಅದೇ ಮೊದಲು. ಕೂಡಲೇ ಮಾಮೂಲಿ ದನಿ ತೆಗೆದಳು: “ಓಗ್ ಓಗು, ಕತ್ತಲಾಯ್ತದೆ, ಕೆರೆ ಏರಿ ಮೇಲೆ ಉಸಾರು.”

ಏರಿಯ ಮೇಲೆ ಸೈಕಲ್ ತಳ್ಳಿಕೊಂಡೇ ನಡೆದ. ಲೆಕ್ಕ ಸರಳವಾಗಿತ್ತು. ಒಂದು ಮುದ್ದೆ, ಒಂದು ಸೌಟು ಸಾರು ಅಂದರೆ ಏಳುನೂರ ಐವತ್ತು. ಐದು ತಲೆಗೆ ಹಂಚಿದರೆ ನೂರೈವತ್ತು. ಹೊರಗಿನವನು ಉಂಡದ್ದನ್ನು ಕಳೆಯಬೇಕೆಂದು ಫಾರಂ ಹೇಳುತ್ತದೆ. ಕಳೆದರೆ ಎರಡು ಸಾವಿರದ ಮುನ್ನೂರ ಮೂವತ್ತು, ಮನೆಗೆ ಹಸು ಬರುತ್ತದೆ. ಕಳೆಯಬೇಕಾದರೆ ಉಂಡವನ ಹೆಸರು ಬರೆಯಬೇಕು. ಹೆಸರು ಬರೆದರೆ ನಿಯಮ ಮುರಿದವನು ತಾನೇ ಎಂದು ಸಹಿ ಹಾಕಿಕೊಟ್ಟ ಹಾಗೆ, ಕೆಲಸ ಕಾಯಂ ಆಗುವ ಮಾತು ಮರೆಯಬೇಕು. ಒಂದು ದೇಶದ ಬಡತನದ ಗೆರೆ ಒಬ್ಬ ಮುದುಕಿ ಬಿಟ್ಟ ಮುದ್ದೆಯ ಮೇಲೆ ಹಾದುಹೋಗಿದೆ, ಅದನ್ನು ಉಂಡವನು ನಾನು ಎಂದುಕೊಂಡ. ಹೆಬ್ಬಾಳ ದಾಟುವಷ್ಟರಲ್ಲಿ ಹೆದರಿಕೆ ಇತ್ತು, ಅನುಮಾನ ಇರಲಿಲ್ಲ. ಕೋಣೆ ಸೇರಿದವನೇ ಬರೆದ: ‘ಹೊರಗಿನವರು: ನಾಗಲಿಂಗಪ್ಪ, ವಯಸ್ಸು ೨೬, ಮೂರು ದಿನ, ಮೂರು ಮುದ್ದೆ.’

ನರಸಿಂಹಯ್ಯನವರು ಫಾರಂ ಓದಿದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಓದಿದರು. ನಾಗಲಿಂಗಪ್ಪ ಎದುರು ನಿಂತು ಸ್ಟೀಲ್ ಪಾತ್ರೆಯ ಕಥೆಯಿಂದ ಹಿಡಿದು ತಂಗಳಿಟ್ಟಿನವರೆಗೆ ಒಂದೂ ಬಿಡದೆ ಒಪ್ಪಿಸಿದ. ಮುಗಿದ ಮೇಲೆ ನರಸಿಂಹಯ್ಯನವರು ಕೇಳಿದರು:

“ರೂಲ್ ಗೊತ್ತಿತ್ತು ತಾನೆ?”

“ಗೊತ್ತಿತ್ರಿ ಸರ.”

“ಗೊತ್ತಿದ್ದೂ ಫಾರಂ ತಪ್ಪು ತುಂಬಿದೀರಲ್ರೀ!” ಎಂದು ಪುಸ್ತಕ ತೆಗೆದು ಹಾಳೆ ಮಗುಚಿದರು. ಆ ಪುಸ್ತಕದ ಪ್ರತಿ ಸಾಲನ್ನೂ ಬರೆಸಿದವರು ಅವರೇ, ಹುಡುಕುವ ಅಗತ್ಯವೇನೂ ಇರಲಿಲ್ಲ. “ಓದಿ. ‘ತೂಕದ ಮೂರು ದಿನವೂ ಅದೇ ಒಲೆಯಲ್ಲಿ ಬೆಂದದ್ದನ್ನು ಉಂಡವನು ಆ ಕುಟುಂಬದ ಸದಸ್ಯ.’ ಹೊರಗಿನವರ ಕಾಲಮಿನಲ್ಲಿ ನಿಮ್ಮ ಹೆಸರಿಗೇನು ಕೆಲಸ? ಕಳೆಯೋದಲ್ಲ, ಆರಕ್ಕೆ ಭಾಗಿಸ್ಬೇಕು.” ಕೆಂಪು ಪೆನ್ನಿನಿಂದ ಆ ಸಾಲು ಹೊಡೆದು, ಮೇಲೆ ಮನೆಯವರ ಪಟ್ಟಿಗೆ ಅವನ ಹೆಸರು ಸೇರಿಸಿದರು. ಭಾಗಿಸಿದರು. ಎರಡು ಸಾವಿರದ ಅರವತ್ತಾರು. “ಗೆರೆಗಿಂತ ಬಹಳ ಕೆಳಗೆ. ಇನ್ನು, ಮನೆಯವನು ಮನೇಲಿ ಉಂಡರೆ ಅದಕ್ಕೆ ಮೆಮೊ ಕೊಡೋ ರೂಲು ನಮ್ಮಲ್ಲಿಲ್ಲ. ಹೋಗಿ.”

ನಾಗಲಿಂಗಪ್ಪ ಬಾಗಿಲ ತನಕ ಹೋಗಿದ್ದ. “ನಿಲ್ರೀ,” ಎಂದರು, ತಲೆ ಎತ್ತದೆ. “ಯಜಮಾನನಿಗೆ ಸಂಬಂಧ ಅಂತ ಒಂದು ಕಾಲಮ್ಮಿದೆ. ಏನು ಬರೀಲಿ?”

ಉತ್ತರಕ್ಕೆ ಕಾಯದೆ ನರಸಿಂಹಯ್ಯನವರು ತಾವೇ ಏನೋ ಬರೆದುಕೊಂಡರು.

ಹದಿನೈದು ದಿನ ಕಳೆದು ಒಂದು ಬೆಳಿಗ್ಗೆ ತಣಿಸಂದ್ರದ ಚಾವಡಿಯ ಮುಂದೆ ಲಾರಿ ನಿಂತಿತು. ನಾಲ್ಕು ಸೀಮೆಹಸು ಇಳಿದವು. ಊರಿಗೆ ಊರೇ ಸೇರಿತು. ನರಸಿಂಹಯ್ಯನವರು ಪಟ್ಟಿ ಹಿಡಿದು ನಿಂತರು, ಪಕ್ಕದಲ್ಲಿ ನಾಗಲಿಂಗಪ್ಪ. ಫಾರಂ ಕೊಟ್ಟ ದಿನದಿಂದ ಅವನು ಆ ಕಡೆ ತಲೆ ಹಾಕಿರಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಿ ಇನ್ನೊಂದು ಮುದ್ದೆ ಉಣ್ಣಲಿ ಎಂಬ ಸಂಕಟ ಅವನಿಗೆ.

“ಮುನಿಆಂಜಿನಪ್ಪ. ಕುಟುಂಬ ಆರು ಜನ.”

“ತಪ್ಪು ಸ್ವಾಮಿ!” ಗುಂಪಿನೊಳಗಿಂದ ಕಾಡಪ್ಪ ಕೂಗಿದ. ತೂಗಿದ ಆರರಲ್ಲಿ ಅವನ ಮನೆ ಗೆರೆಗಿಂತ ಮೇಲೆ ನಿಂತು, ಅವನಿಗೆ ಹಸು ತಪ್ಪಿತ್ತು. “ಅವ್ರ ಮನೇಲಿ ಇರೋದು ಐದೇ ಜನ. ಬೇಕಾದ್ರೆ ಓಗಿ ಎಣಿಸಿ. ಸುಳ್ಳು ಲೆಕ್ಕ ಬರ್ಸಿ ಅಸ ಒಡೀತಾವ್ರೆ.”

ತಲೆಗಳೆಲ್ಲ ಆ ಮನೆಯವರ ಕಡೆ ತಿರುಗಿದವು. ಮುನಿನಾರಾಯಣಮ್ಮನ ಮುಖ ಬಿಳಿಚಿಕೊಂಡಿತು. ಫಾರಂನಲ್ಲಿ ಏನಿದೆಯೆಂದು ಆ ಮನೆಯವರಿಗೆ ಯಾರೂ ಹೇಳಿರಲಿಲ್ಲ. ಪಟ್ಟಿ ತಪ್ಪೆಂದು ಮನೆಯವರೇ ಒಪ್ಪಿಕೊಂಡರೆ ಹಸು ಮರಳಿ ಲಾರಿ ಹತ್ತುತ್ತದೆ. ನಾಗಲಿಂಗಪ್ಪ ಬಾಯಿ ತೆರೆದ, ನರಸಿಂಹಯ್ಯನವರು ಅವನ ತೋಳು ಒತ್ತಿ ಸುಮ್ಮನಿರಿಸಿದರು.

“ಮನೆಯವರು ಹೇಳಲಿ. ಅಜ್ಜಿ, ನಿಮ್ಮನೇಲಿ ಎಷ್ಟು ಜನ?”

ಸುಬ್ಬಮ್ಮ ಮುಂದೆ ಬಂದಳು. ಕಾಡಪ್ಪನನ್ನು ನೋಡಿದಳು, ಪಟ್ಟಿಯನ್ನು ನೋಡಿದಳು, ಪಟ್ಟಿಯ ಪಕ್ಕ ತಲೆ ತಗ್ಗಿಸಿ ನಿಂತವನನ್ನು ನೋಡಿದಳು.

“ಆರೇ ಸ್ವಾಮಿ,” ಎಂದಳು, ಬೀದಿಯ ಆ ತುದಿಗೂ ಕೇಳುವ ಹಾಗೆ. “ದೊಡ್ಡೋನು ಗೂಡಿಗೆ ಓಗವ್ನೆ. ಚಿಕ್ಕೋನು ಇಗೋ, ನಿಮ್ಮ ಪಕ್ಕದಲ್ಲೇ ಕಂಬದಂಗೆ ನಿಂತವ್ನೆ. ಅದಿನೈದು ದಿನ ಆಯ್ತು, ಮನೆ ಕಡೆ ಬಂದಿಲ್ಲ, ಉಂಡ್ಯಾ ಬಿಟ್ಯಾ ಅಂತ ಕೇಳಿಲ್ಲ. ಏನ್ಲಾ ನೋಡ್ತೀಯ? ಅಣ್ಣ ಇಲ್ಲ ಇಲ್ಲಿ. ಬಂದು ಅಸ ಇಡ್ಕೋ.”

ನಾಗಲಿಂಗಪ್ಪ ಕಣ್ಣೊರೆಸಿಕೊಂಡು ಹೋಗಿ ಹಗ್ಗ ಹಿಡಿದುಕೊಂಡ.